ಸ್ಮಾರ್ಟ್ ಟಿವಿ ಮಾರ್ಪಾಡು: ಲಕ್ಷಣ ನೋಡಿ ಕಾರಣ ಹುಡುಕುವ ದೋಷ ನಿವಾರಣೆ ಕೈಪಿಡಿ

ಸ್ಮಾರ್ಟ್ ಟಿವಿ ಎಂಬುದು ದೊಡ್ಡ ಪರದೆಗೆ ಜೋಡಿಸಿದ ಒಂದು ಸಣ್ಣ ಕಂಪ್ಯೂಟರ್. ಆಂಡ್ರಾಯ್ಡ್ ಟಿವಿ, ಅದರ ಮೇಲೆಯೇ ಕಟ್ಟಿದ ಗೂಗಲ್ ಟಿವಿ, ಸ್ಯಾಮ್‌ಸಂಗ್‌ನ ಟೈಜನ್, ಎಲ್‌ಜಿಯ ವೆಬ್‌ಓಎಸ್ ಹೀಗೆ ಹೆಸರುಗಳು ಬೇರೆಯಾದರೂ ಇವೆಲ್ಲದರ ತಳದಲ್ಲಿ ಕೆಲಸ ಮಾಡುತ್ತಿರುವುದು ಲಿನಕ್ಸ್. ಆದ್ದರಿಂದಲೇ ಟಿವಿಯ ಆ್ಯಪ್ ಅಂಗಡಿಯಲ್ಲಿ (ಆ್ಯಪ್ ಸ್ಟೋರ್) ಸಿಗದ ಆ್ಯಪ್ ಹಾಕಿಕೊಳ್ಳುವುದು, ಮುಖಪುಟದ ಜಾಹೀರಾತು ಸಾಲುಗಳನ್ನು ತೆಗೆಯುವುದು, ರೂಟ್ ಅಧಿಕಾರ, ಅಂದರೆ ಇಡೀ ವ್ಯವಸ್ಥೆಯ ಮೇಲಿನ ಪೂರ್ಣ ಹಿಡಿತ, ಪಡೆದು ಒಳಗಿನ ಸೇವೆಗಳನ್ನು ನಿಯಂತ್ರಿಸುವುದು ಸಾಧ್ಯವಾಗುತ್ತದೆ. ಸ್ವಂತ ಟಿವಿಯ ಮೇಲೆ ಈ ಕೆಲಸವನ್ನು ಹೊಸದಾಗಿ ಆರಂಭಿಸಿದವರಿಗೆ ಎದುರಾಗುವ ತೊಂದರೆಗಳನ್ನು, ಅವು ಕಣ್ಣಿಗೆ ಕಾಣುವ ರೂಪದಲ್ಲೇ ಇಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಯಾವುದೇ ಲಕ್ಷಣ ಕಂಡರೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಾನು ಮುಟ್ಟಿದ್ದು ಯಾವ ಪದರವನ್ನು? ಬಳಕೆದಾರರ ಪದರದಲ್ಲಿ, ಅಂದರೆ ಆ್ಯಪ್ ಹಾಕುವುದು, ಪ್ಯಾಕೇಜ್ (ಒಂದು ಆ್ಯಪ್ ಅಥವಾ ಒಳಗಿನ ಸೇವೆಯ ಕಟ್ಟು) ನಿಷ್ಕ್ರಿಯಗೊಳಿಸುವುದು ಮುಂತಾದವುಗಳಲ್ಲಿ ಆದ ತಪ್ಪನ್ನು ಫ್ಯಾಕ್ಟರಿ ರೀಸೆಟ್ ಸರಿಪಡಿಸುತ್ತದೆ, ಏಕೆಂದರೆ ತಯಾರಕರ ತಂತ್ರಾಂಶ ಇರುವ ಸಿಸ್ಟಂ ವಿಭಾಗದಲ್ಲಿನ ಮೂಲ ಪ್ರತಿ ಹಾಗೆಯೇ ಉಳಿದಿರುತ್ತದೆ. ಎರಡನೆಯದು ಸಿಸ್ಟಂ ವಿಭಾಗ, ಬೂಟ್‌ಲೋಡರ್ (ಆನ್ ಆದಾಗ ಮೊದಲು ಓಡಿ ಉಳಿದದ್ದನ್ನು ಎಬ್ಬಿಸುವ ತಂತ್ರಾಂಶ) ಮತ್ತು ಫರ್ಮ್‌ವೇರ್ (ತಯಾರಕರು ಟಿವಿಯೊಳಗೆ ಬರೆದಿಟ್ಟ ಮೂಲ ತಂತ್ರಾಂಶ) ಇವುಗಳ ಪದರ. ಇಲ್ಲಿ ಬರೆದದ್ದನ್ನು ರೀಸೆಟ್ ಅಳಿಸುವುದಿಲ್ಲ. ಮೂರನೆಯದು ಹಿಂಬದಿಯ ಮುಚ್ಚಳ ತೆರೆದ ಮೇಲೆ ಸಿಗುವ ಹಾರ್ಡ್‌ವೇರ್. ಮರಳುವ ದಾರಿಯನ್ನು ಮೊದಲೇ ನಡೆದು ನೋಡದೆ ಒಂದು ಪದರದಿಂದ ಮುಂದಿನದಕ್ಕೆ ಇಳಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. "ಟಿವಿ ಸತ್ತೇ ಹೋಯಿತು" ಎಂದು ನನ್ನ ಬಳಿ ಬಂದ ಪ್ರಸಂಗಗಳಲ್ಲಿ ಹೆಚ್ಚಿನವು ಮೊದಲ ಪದರದ್ದೇ ಆಗಿದ್ದವು. ಗಾಬರಿಯಲ್ಲಿ ಎರಡನೆಯದಕ್ಕೆ ಕೈಹಾಕಿದ್ದರಿಂದ ಅವುಗಳಲ್ಲಿ ಕೆಲವು ನಿಜವಾಗಿಯೂ ಕೆಟ್ಟವು.

ಕೆಲಸ ಆರಂಭಿಸುವ ಮುನ್ನ ಒಂದು ನೋಟ್‌ಬುಕ್‌ನಲ್ಲಿ ಹಿಂಬದಿಯ ಲೇಬಲ್‌ನಲ್ಲಿರುವ ಪೂರ್ಣ ಮಾದರಿ ಸಂಖ್ಯೆ, ಈಗಿನ ಫರ್ಮ್‌ವೇರ್ ಆವೃತ್ತಿ ಮತ್ತು ಟಿವಿಯ ಐಪಿ ವಿಳಾಸವನ್ನು ಬರೆದಿಟ್ಟುಕೊಳ್ಳಿ. ರೂಟರ್‌ನಲ್ಲಿ ಆ ವಿಳಾಸವನ್ನು ಟಿವಿಗೇ ಕಾಯ್ದಿರಿಸಿದರೆ ಮತ್ತೂ ಒಳ್ಳೆಯದು. ಪರದೆ ಕಪ್ಪಾದ ಮೇಲೆ ಈ ಮೂರರಲ್ಲಿ ಒಂದನ್ನೂ ಟಿವಿಯ ಮೆನುವಿನಿಂದ ನೋಡಲಾಗುವುದಿಲ್ಲ.

ಡೆವಲಪರ್ ಆಯ್ಕೆ ಎಲ್ಲಿಯೂ ಕಾಣುತ್ತಿಲ್ಲ

ಟಿವಿಯನ್ನು ಕಂಪ್ಯೂಟರ್‌ನಿಂದ ನಿಯಂತ್ರಿಸಲು ಬಿಡುವ ಸೆಟ್ಟಿಂಗ್ ಡೆವಲಪರ್ ಆಯ್ಕೆ. ಅದು ಕಾಣದಿರುವುದು ದೋಷವಲ್ಲ, ತಯಾರಕರು ಬೇಕೆಂದೇ ಮುಚ್ಚಿಟ್ಟ ಬಾಗಿಲು. ಆಂಡ್ರಾಯ್ಡ್ ಟಿವಿ ಮತ್ತು ಗೂಗಲ್ ಟಿವಿಗಳಲ್ಲಿ ಸೆಟ್ಟಿಂಗ್ಸ್‌ನ "ಅಬೌಟ್" ಪುಟಕ್ಕೆ ಹೋಗಿ, ಬಿಲ್ಡ್ ಎಂಬ ಸಾಲಿನ ಮೇಲೆ ಓಕೆ ಗುಂಡಿಯನ್ನು 7 ಬಾರಿ ಒತ್ತಬೇಕು. ಅಮೆಜಾನ್‌ನ ಹೊಸ ಫೈರ್ ಟಿವಿ ಆವೃತ್ತಿಗಳಲ್ಲಿ ಅದೇ ರೀತಿ ಅಬೌಟ್ ಪುಟದಲ್ಲಿನ ಸಾಧನದ ಹೆಸರಿನ ಮೇಲೆ 7 ಬಾರಿ ಒತ್ತಬೇಕು. ಸ್ಯಾಮ್‌ಸಂಗ್ ಟೈಜನ್‌ನಲ್ಲಿ ಆ್ಯಪ್ಸ್ ಪುಟ ತೆರೆದು 1, 2, 3, 4, 5 ಎಂದು ಒತ್ತಿದರೆ ಡೆವಲಪರ್ ಮೋಡ್‌ನ ಕಿಟಕಿ ತೆರೆಯುತ್ತದೆ. ರಿಮೋಟ್‌ನಲ್ಲಿ ಅಂಕಿಗಳಿಲ್ಲದಿದ್ದರೆ 123 ಎಂಬ ಗುಂಡಿಯಿಂದ ಪರದೆಯ ಮೇಲೆ ಅಂಕಿಪಟ್ಟಿಯನ್ನು ತರಿಸಿಕೊಳ್ಳಬೇಕು. ಎಲ್‌ಜಿ ವೆಬ್‌ಓಎಸ್‌ನಲ್ಲಿ ಅಂಗಡಿಯಿಂದಲೇ ಡೆವಲಪರ್ ಮೋಡ್ ಆ್ಯಪ್ ಹಾಕಿಕೊಂಡು, ಡೆವಲಪರ್ ಖಾತೆಯಿಂದ ಲಾಗಿನ್ ಆಗಬೇಕು.

ಇಷ್ಟೆಲ್ಲ ಮಾಡಿದರೂ ಆಯ್ಕೆ ಬರದಿದ್ದರೆ, ಟಿವಿ ಹೋಟೆಲ್ ಮೋಡ್ ಅಥವಾ ಅಂಗಡಿ ಪ್ರದರ್ಶನ ಮೋಡ್‌ನಲ್ಲಿ ಇದೆಯೇ ಎಂದು ನೋಡಿ. ನಂತರ ಟಿವಿಯನ್ನು ನಿಜವಾದ ಅರ್ಥದಲ್ಲಿ ರೀಸ್ಟಾರ್ಟ್ ಮಾಡಿ. ರಿಮೋಟ್‌ನಿಂದ ಆಫ್ ಮಾಡಿದಾಗ ಇಂದಿನ ಟಿವಿಗಳು ಬಹುಮಟ್ಟಿಗೆ ಮಲಗುತ್ತವೆಯೇ ಹೊರತು ಪೂರ್ತಿ ನಿಲ್ಲುವುದಿಲ್ಲ. ಗೋಡೆಯ ಪ್ಲಗ್ ತೆಗೆದು ಒಂದು ನಿಮಿಷ ಬಿಟ್ಟು ಹಾಕುವುದೇ ನಿಜವಾದ ರೀಸ್ಟಾರ್ಟ್, ಮತ್ತು ಈ ಕೈಪಿಡಿಯಲ್ಲಿ ರೀಸ್ಟಾರ್ಟ್ ಎಂದಲ್ಲೆಲ್ಲ ಅದೇ ಅರ್ಥ.

ಕಂಪ್ಯೂಟರ್‌ನಿಂದ ಟಿವಿಗೆ ಸಂಪರ್ಕ ಸಿಗುತ್ತಿಲ್ಲ

ಆಂಡ್ರಾಯ್ಡ್ ಟಿವಿಯ ಜೊತೆ ಮಾತನಾಡಲು ಕಂಪ್ಯೂಟರ್‌ನಲ್ಲಿ ಹಾಕಿಕೊಳ್ಳುವ ತಂತ್ರಾಂಶ ಎಡಿಬಿ (ಆಂಡ್ರಾಯ್ಡ್ ಡೀಬಗ್ ಬ್ರಿಡ್ಜ್). ಅದು ಸಾಮಾನ್ಯವಾಗಿ 5555ನೇ ಪೋರ್ಟ್ (ಜಾಲದಲ್ಲಿ ಸಾಧನದ ಸಂಖ್ಯೆ ಹಾಕಿದ ಬಾಗಿಲು) ಬಳಸುತ್ತದೆ. ಸಂಪರ್ಕ ವಿಫಲವಾದಾಗ ಎಡಿಬಿ ಕೊಡುವ ಸಂದೇಶವನ್ನು ಓದದೆ ಮತ್ತೆ ಮತ್ತೆ ಅದೇ ಆಜ್ಞೆ ಕೊಡುವುದರಿಂದ ಪ್ರಯೋಜನವಿಲ್ಲ, ಏಕೆಂದರೆ ಕಾರಣ ಆ ಸಂದೇಶದಲ್ಲೇ ಇರುತ್ತದೆ.

ಬಹಳ ಹೊತ್ತು ಸುಮ್ಮನಿದ್ದು "ಟೈಮ್ ಔಟ್" ಎಂದು ಬಂದರೆ ಕಂಪ್ಯೂಟರ್‌ಗೆ ಮನೆಯೇ ಸಿಕ್ಕಿಲ್ಲ ಎಂದರ್ಥ. ಟಿವಿಯ ಐಪಿ ವಿಳಾಸ ಬದಲಾಗಿರಬಹುದು, ಟಿವಿ ಮಲಗಿರಬಹುದು, ಅಥವಾ ಕಂಪ್ಯೂಟರ್ ಮತ್ತು ಟಿವಿ ಬೇರೆ ಬೇರೆ ಜಾಲಗಳಲ್ಲಿರಬಹುದು. ಅತಿಥಿಗಳಿಗೆಂದು ಇಟ್ಟ ವೈಫೈನಲ್ಲಿ ಒಂದು ಸಾಧನ ಇನ್ನೊಂದನ್ನು ನೋಡದಂತೆ ತಡೆಯುವ ವ್ಯವಸ್ಥೆ ಸಾಮಾನ್ಯವಾಗಿ ಇರುತ್ತದೆ. ಎರಡನ್ನೂ ಮುಖ್ಯ ವೈಫೈಗೆ ಸೇರಿಸಿ ನೋಡಿ. ಇದಕ್ಕೆ ಬದಲಾಗಿ ತಕ್ಷಣವೇ "ಕನೆಕ್ಷನ್ ರೆಫ್ಯೂಸ್ಡ್" ಎಂದು ಬಂದರೆ ಮನೆ ಸಿಕ್ಕಿದೆ, ಬಾಗಿಲು ಹಾಕಿದೆ. ಟಿವಿಯ ಡೆವಲಪರ್ ಆಯ್ಕೆಗಳಲ್ಲಿ ಡೀಬಗಿಂಗ್ (ಎಡಿಬಿಗೆ ಅವಕಾಶ ಕೊಡುವ ಸ್ವಿಚ್) ಆನ್ ಆಗಿಲ್ಲ, ಅಥವಾ ನೀವು ತಪ್ಪು ಪೋರ್ಟ್ ಕೊಟ್ಟಿದ್ದೀರಿ. ಆಂಡ್ರಾಯ್ಡ್ 11ರಿಂದ ಬಂದ ವೈರ್‌ಲೆಸ್ ಡೀಬಗಿಂಗ್ ಇರುವ ಟಿವಿಗಳಲ್ಲಿ 5555 ನಡೆಯದಿರಬಹುದು. ಅಲ್ಲಿ ಕೋಡ್ ಕೊಟ್ಟು ಜೋಡಿಸುವಾಗ ತೋರಿಸುವ ಪೋರ್ಟ್ ಒಂದು, ಜೋಡಿಸಿದ ಮೇಲೆ ಸಂಪರ್ಕಿಸುವ ಪೋರ್ಟ್ ಇನ್ನೊಂದು. ಈ ಎರಡನ್ನು ಅದಲುಬದಲು ಮಾಡುವುದು ಹೊಸಬರ ಅತಿ ಸಾಮಾನ್ಯ ತಪ್ಪು.

ಸಾಧನಗಳ ಪಟ್ಟಿಯಲ್ಲಿ ಟಿವಿ ಕಾಣಿಸಿ, ಪಕ್ಕದಲ್ಲಿ "ಅನ್‌ಆಥರೈಸ್ಡ್" ಎಂದಿದ್ದರೆ ಟಿವಿಯ ಪರದೆಯ ಮೇಲೆ ಒಪ್ಪಿಗೆ ಕೇಳುವ ಪೆಟ್ಟಿಗೆ ಕಾಯುತ್ತಿರುತ್ತದೆ. ಸ್ಕ್ರೀನ್‌ಸೇವರ್ ಓಡುತ್ತಿದ್ದರೆ ಅದು ಕಣ್ಣಿಗೆ ಬೀಳದಿರಬಹುದು. ಮುಖಪುಟಕ್ಕೆ ಬಂದು ಮತ್ತೆ ಪ್ರಯತ್ನಿಸಿ, "ಈ ಕಂಪ್ಯೂಟರ್‌ಗೆ ಯಾವಾಗಲೂ ಅನುಮತಿಸು" ಎಂಬುದನ್ನು ಆರಿಸಿ. ಪರದೆ ಕಪ್ಪಾಗುವ ಸಂದರ್ಭದಲ್ಲಿ ನಿಮ್ಮನ್ನು ಉಳಿಸುವುದು ಈ ಒಂದು ಗುರುತೇ. ಪೆಟ್ಟಿಗೆ ಬರದಿದ್ದರೆ ಟಿವಿಯ ಡೆವಲಪರ್ ಆಯ್ಕೆಗಳಲ್ಲಿ ಹಳೆಯ ಅನುಮತಿಗಳನ್ನು ರದ್ದುಮಾಡಿ, ಕಂಪ್ಯೂಟರ್‌ನಲ್ಲಿ ಎಡಿಬಿ ಸರ್ವರ್ ನಿಲ್ಲಿಸಿ ಮತ್ತೆ ಆರಂಭಿಸಿ. "ಆಫ್‌ಲೈನ್" ಎಂದು ತೋರಿಸಿದರೆ ಸಂಪರ್ಕ ಕಡಿದು ಎರಡೂ ಕಡೆ ರೀಸ್ಟಾರ್ಟ್ ಮಾಡಿದರೆ ಸಾಮಾನ್ಯವಾಗಿ ಸಾಕಾಗುತ್ತದೆ.

ಟೈಜನ್‌ನಲ್ಲಿ ಡೆವಲಪರ್ ಮೋಡ್ ಆನ್ ಮಾಡುವಾಗ ಕೊಡಬೇಕಾದದ್ದು ಕಂಪ್ಯೂಟರ್‌ನ ಐಪಿ ವಿಳಾಸ, ಟಿವಿಯದ್ದಲ್ಲ. ಕೊಟ್ಟ ಮೇಲೆ ಟಿವಿಯನ್ನು ರೀಸ್ಟಾರ್ಟ್ ಮಾಡಬೇಕು. ಅದರ ಪೋರ್ಟ್ 26101. ವೆಬ್‌ಓಎಸ್‌ನ ಡೆವಲಪರ್ ಮೋಡ್ 9922ನೇ ಪೋರ್ಟ್‌ನಲ್ಲಿ ಎಸ್‌ಎಸ್‌ಎಚ್ (ದೂರದಿಂದ ಆಜ್ಞೆ ಕೊಡುವ ಭದ್ರ ಸಂಪರ್ಕ) ಮೂಲಕ ತೆರೆದುಕೊಳ್ಳುತ್ತದೆ, ಮತ್ತು ಕೀ ಸರ್ವರ್ ಎಂಬ ಆಯ್ಕೆ ಆನ್ ಇಲ್ಲದಿದ್ದರೆ ಕಂಪ್ಯೂಟರ್‌ಗೆ ಬೇಕಾದ ಕೀಲಿ ಸಿಗುವುದೇ ಇಲ್ಲ.

ಆ್ಯಪ್ ಇನ್‌ಸ್ಟಾಲ್ ಆಗುತ್ತಿಲ್ಲ, ಅಥವಾ ಆಗಿಯೂ ಕಾಣುತ್ತಿಲ್ಲ

ಎರಡನೆಯದು ಸುಲಭವಾದ್ದರಿಂದ ಮೊದಲು ಅದನ್ನು ನೋಡೋಣ. ಆಂಡ್ರಾಯ್ಡ್ ಟಿವಿಯ ಮುಖಪುಟವು ಟಿವಿಗೆಂದೇ ಸಿದ್ಧಪಡಿಸಿದ ಆ್ಯಪ್‌ಗಳನ್ನು ಮಾತ್ರ ತೋರಿಸುತ್ತದೆ. ಫೋನ್‌ಗೆಂದು ಮಾಡಿದ ಆ್ಯಪ್‌ನಲ್ಲಿ ಲೀನ್‌ಬ್ಯಾಕ್ ಎಂಬ ಘೋಷಣೆ ಇಲ್ಲದ ಕಾರಣ ಅದು ಒಳಗೆ ಸೇರಿದ್ದರೂ ಮುಖಪುಟದಲ್ಲಿ ಬರುವುದಿಲ್ಲ. ಸೆಟ್ಟಿಂಗ್ಸ್‌ನ ಆ್ಯಪ್‌ಗಳ ಪಟ್ಟಿಯಲ್ಲಿ ಅದು ಇರುತ್ತದೆ, ಅಲ್ಲಿಂದಲೇ ತೆರೆಯಬಹುದು. ಸೈಡ್‌ಲೋಡ್ ಮಾಡಿದ, ಅಂದರೆ ಆ್ಯಪ್ ಅಂಗಡಿಯ ಹೊರಗಿನಿಂದ ಹಾಕಿದ, ಆ್ಯಪ್‌ಗಳನ್ನು ತೋರಿಸುವ ಪುಟ್ಟ ಲಾಂಚರ್ (ಮುಖಪುಟದ ಆ್ಯಪ್) ಒಂದನ್ನು ಹಾಕಿಕೊಂಡರೆ ಈ ತೊಂದರೆ ತೀರುತ್ತದೆ.

ಇನ್‌ಸ್ಟಾಲ್ ಆಗದಿರುವುದಕ್ಕೆ ಮೊದಲು ಪರೀಕ್ಷಿಸಬೇಕಾದದ್ದು ಖಾಲಿ ಜಾಗ. 8 ಜಿಬಿ ಸಂಗ್ರಹವಿರುವ ಟಿವಿಯಲ್ಲಿ ಸಿಸ್ಟಂ ತನ್ನ ಪಾಲು ತೆಗೆದುಕೊಂಡ ಮೇಲೆ ಉಳಿಯುವುದು ಬಹಳ ಕಡಿಮೆ. ಜಾಗವಿದ್ದೂ ಆಗದಿದ್ದರೆ ದೋಷದ ಸಾಲಿನ ಕೊನೆಯ ಪದಗಳನ್ನು ಗಮನಿಸಿ. "ನೋ ಮ್ಯಾಚಿಂಗ್ ಎಬಿಐಸ್" ಎಂದಿದ್ದರೆ ಆ್ಯಪ್ ಬೇರೆ ಬಗೆಯ ಪ್ರೊಸೆಸರ್‌ಗೆ ಕಟ್ಟಿದ್ದು. ಇಲ್ಲಿ ಹಲವರು ದಾರಿ ತಪ್ಪುತ್ತಾರೆ: ಟಿವಿಯ ಚಿಪ್ 64 ಬಿಟ್‌ನದ್ದು ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೂ, ಮೆಮೊರಿ ಉಳಿಸಲೆಂದು ಅದರ ಮೇಲೆ 32 ಬಿಟ್‌ನ ಆಂಡ್ರಾಯ್ಡ್ ಓಡಿಸುವ ಟಿವಿಗಳು ಬಹಳಷ್ಟಿವೆ. ಅಂಥವಕ್ಕೆ ಆರ್ಮ್‌ನ ವಿ7ಎ ಆವೃತ್ತಿಯೇ ಬೇಕು, ವಿ8ಎ ನಡೆಯುವುದಿಲ್ಲ. "ಓಲ್ಡರ್ ಎಸ್‌ಡಿಕೆ" ಎಂದಿದ್ದರೆ ಟಿವಿಯ ಆಂಡ್ರಾಯ್ಡ್ ಆ ಆ್ಯಪ್‌ಗೆ ಹಳೆಯದಾಯಿತು. ಆ್ಯಪ್‌ನ ಹಿಂದಿನ ಆವೃತ್ತಿ ಹುಡುಕಿ. "ಅಪ್‌ಡೇಟ್ ಇನ್‌ಕಂಪ್ಯಾಟಿಬಲ್" ಎಂದರೆ ಅದೇ ಹೆಸರಿನ ಆ್ಯಪ್ ಬೇರೆ ಡಿಜಿಟಲ್ ಸಹಿಯೊಂದಿಗೆ ಈಗಾಗಲೇ ಟಿವಿಯಲ್ಲಿದೆ. "ಮಿಸ್ಸಿಂಗ್ ಸ್ಪ್ಲಿಟ್" ಎಂದರೆ ನೀವು ಹಲವು ತುಂಡುಗಳ ಆ್ಯಪ್‌ನಿಂದ ಒಂದನ್ನು ಮಾತ್ರ ಹಾಕುತ್ತಿದ್ದೀರಿ.

ಟೈಜನ್‌ನಲ್ಲಿ ಪ್ರಮಾಣಪತ್ರದ ದೋಷ ಬಂದರೆ ಬೇರೇನನ್ನೂ ಹುಡುಕಬೇಕಾಗಿಲ್ಲ. ಅಲ್ಲಿನ ವಿತರಣಾ ಪ್ರಮಾಣಪತ್ರದಲ್ಲಿ ನಿಮ್ಮ ಟಿವಿಯ ವಿಶಿಷ್ಟ ಗುರುತು ಸಂಖ್ಯೆ ಸೇರಿರಬೇಕು. ಬೇರೆಯವರು ಸಹಿ ಮಾಡಿದ ಆ್ಯಪ್ ನಿಮ್ಮ ಟಿವಿಗೆ ಹೋಗದಿರುವುದು ಇದೇ ಕಾರಣಕ್ಕೆ. ನಿಮ್ಮದೇ ಪ್ರಮಾಣಪತ್ರದಿಂದ ಮತ್ತೆ ಸಹಿ ಮಾಡಿ ಹಾಕಬೇಕು.

ಚೆನ್ನಾಗಿದ್ದ ಆ್ಯಪ್ ಕೆಲವು ದಿನಗಳಲ್ಲಿ ಮಾಯವಾಯಿತು

ವೆಬ್‌ಓಎಸ್‌ನಲ್ಲಿ ಇದು ಎಂದಿನ ದೂರು. ಡೆವಲಪರ್ ಮೋಡ್‌ಗೆ ಕಾಲಮಿತಿ ಇದೆ: ಮೊದಲು 50 ಗಂಟೆ ಇದ್ದದ್ದು ನಂತರ 1000 ಗಂಟೆಗೆ ಏರಿತು. ಅವಧಿ ಮುಗಿಯುವ ಮುನ್ನ ಅದೇ ಆ್ಯಪ್‌ನಲ್ಲಿ ವಿಸ್ತರಿಸದಿದ್ದರೆ ಆ ಮೋಡ್‌ನಲ್ಲಿ ಹಾಕಿದ ಎಲ್ಲ ಆ್ಯಪ್‌ಗಳೂ ಅಳಿಸಿಹೋಗುತ್ತವೆ. ಟಿವಿಯಲ್ಲಿ ದೋಷವೇನೂ ಇಲ್ಲ.

ರೂಟ್ ಮಾಡಿದ ವೆಬ್‌ಓಎಸ್ ಟಿವಿಯಲ್ಲಿ ಹೀಗಾದರೆ ಮಾತ್ರ ಎಚ್ಚರದಿಂದ ನೋಡಬೇಕು. ಟಿವಿ ರಾತ್ರೋರಾತ್ರಿ ತಾನೇ ಅಪ್‌ಡೇಟ್ ಆಗಿ ರೂಟ್ ಕೊಟ್ಟ ರಂಧ್ರ ಮುಚ್ಚಿಹೋಗಿರಬಹುದು. 2021ರಲ್ಲಿ ಬಂದ ರೂಟ್‌ಮೈಟಿವಿ ವಿಧಾನ ಮುಂದಿನ ಫರ್ಮ್‌ವೇರ್‌ಗಳಲ್ಲಿ ಹೀಗೆಯೇ ಮುಚ್ಚಿತು. ನೀವು ಬರೆದಿಟ್ಟುಕೊಂಡ ಫರ್ಮ್‌ವೇರ್ ಆವೃತ್ತಿಯನ್ನು ಈಗಿನದರ ಜೊತೆ ಹೋಲಿಸಿದರೆ ವಿಷಯ ಒಂದೇ ಕ್ಷಣದಲ್ಲಿ ತಿಳಿಯುತ್ತದೆ. ಸ್ವಯಂ ಅಪ್‌ಡೇಟ್ ಆಫ್ ಮಾಡುವುದು ಮತ್ತು ಹೋಮ್‌ಬ್ರೂ ಚಾನೆಲ್‌ನಲ್ಲಿ (ರೂಟ್ ಮಾಡಿದ ವೆಬ್‌ಓಎಸ್ ಟಿವಿಯನ್ನು ನಿರ್ವಹಿಸುವ ಆ್ಯಪ್) ಅಪ್‌ಡೇಟ್ ತಡೆಯುವ ಆಯ್ಕೆಯನ್ನು ಆನ್ ಮಾಡುವುದು ರೂಟ್ ಆದ ದಿನವೇ ಆಗಬೇಕಾದ ಕೆಲಸ. ಆವೃತ್ತಿ ಬದಲಾಗಿರದೆ, ನಿಮ್ಮ ಸ್ಕ್ರಿಪ್ಟ್‌ಗಳಷ್ಟೇ ಓಡದೆ ಇದ್ದರೆ ಟಿವಿ ಫೇಲ್‌ಸೇಫ್ ಮೋಡ್‌ಗೆ ಹೋಗಿರಬಹುದು. ಆರಂಭಿಕ ಸ್ಕ್ರಿಪ್ಟ್ ಕುಸಿದರೆ ಮುಂದಿನ ಬಾರಿ ಅದನ್ನು ಓಡಿಸದೆ, ದುರಸ್ತಿಗೆಂದು ಟೆಲ್‌ನೆಟ್ (ಕಂಪ್ಯೂಟರ್‌ನಿಂದ ಆಜ್ಞೆ ಕೊಡುವ ಹಳೆಯ ಬಗೆಯ ಸಂಪರ್ಕ) ಮಾತ್ರ ತೆರೆದಿಡುವ ವ್ಯವಸ್ಥೆ ಅದು. ಟಿವಿ ಆನ್ ಆದ ಕೆಲವೇ ಕ್ಷಣಗಳಲ್ಲಿ ಪ್ಲಗ್ ಕಿತ್ತರೂ ಅದು ಕುಸಿತವೆಂದೇ ತಿಳಿಯುತ್ತದೆ. ತಪ್ಪಿರುವ ಸ್ಕ್ರಿಪ್ಟ್ ತಿದ್ದಿ, ಚಾನೆಲ್‌ನ ಸೆಟ್ಟಿಂಗ್‌ನಲ್ಲಿ ಫೇಲ್‌ಸೇಫ್ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ.

ಬೇಡದ ಆ್ಯಪ್‌ಗಳನ್ನು ತೆಗೆದ ಮೇಲೆ ಪರದೆ ಕಪ್ಪಾಗಿದೆ, ರಿಮೋಟ್ ಕೆಲಸ ಮಾಡುತ್ತಿಲ್ಲ

ಆಂಡ್ರಾಯ್ಡ್ ಟಿವಿಯ ಮಾರ್ಪಾಡಿನಲ್ಲಿ ಜನರನ್ನು ಅತಿ ಹೆಚ್ಚು ಹೆದರಿಸುವುದು ಇದು, ಮತ್ತು ಅತಿ ಸುಲಭವಾಗಿ ಸರಿಹೋಗುವುದೂ ಇದೇ. ಎಡಿಬಿಯ ಮೂಲಕ ಪ್ಯಾಕೇಜ್ ನಿಷ್ಕ್ರಿಯಗೊಳಿಸಿದಾಗ ಅಥವಾ 0 ಸಂಖ್ಯೆಯ ಬಳಕೆದಾರನಿಂದ (ಟಿವಿಯ ಮುಖ್ಯ ಬಳಕೆದಾರ) ತೆಗೆದಾಗ, ಅದರ ಮೂಲ ಪ್ರತಿ ಸಿಸ್ಟಂ ವಿಭಾಗದಲ್ಲಿ ಭದ್ರವಾಗಿರುತ್ತದೆ. ಆ ಬಳಕೆದಾರನಿಗೆ ಮಾತ್ರ ಅದು ಕಾಣಿಸುವುದಿಲ್ಲ.

ನನ್ನ ಟಿವಿಯಲ್ಲೇ ಆದದ್ದನ್ನು ಹೇಳುತ್ತೇನೆ. ಜಾಹೀರಾತು ತುಂಬಿದ ಮುಖಪುಟ ಬೇಡವೆಂದು ಲಾಂಚರ್‌ಎಕ್ಸ್ ಎಂಬ ಹೆಸರಿನ ಪ್ಯಾಕೇಜನ್ನು ನಿಷ್ಕ್ರಿಯಗೊಳಿಸಿದೆ. ಅದರ ಬದಲಿಗೆ ಹಾಕಿದ್ದ ಲಾಂಚರ್ ಒಮ್ಮೆಯಾದರೂ ತೆರೆದುಕೊಳ್ಳುತ್ತದೆಯೇ ಎಂದು ಪರೀಕ್ಷಿಸಿರಲಿಲ್ಲ. ರೀಸ್ಟಾರ್ಟ್ ಆದ ಮೇಲೆ ಲೋಗೋ ಬಂದು ಹೋಯಿತು, ನಂತರ ಪೂರ್ತಿ ಕಪ್ಪು. ಹೋಮ್ ಗುಂಡಿ ಒತ್ತಿದಾಗಲೆಲ್ಲ ಟಿವಿಯ ಕೆಳಗಿನ ಸಣ್ಣ ದೀಪ ಮಿನುಗುತ್ತಿತ್ತು, ಪರದೆಯಲ್ಲಿ ಮಾತ್ರ ಏನೂ ಇಲ್ಲ. ಆ ದೀಪವೇ ಸುಳಿವಾಯಿತು: ಟಿವಿ ರಿಮೋಟ್‌ಗೆ ಸ್ಪಂದಿಸುತ್ತಿದೆ ಎಂದರೆ ಅದು ಬೂಟ್ ಆಗಿದೆ, ತೋರಿಸಲು ಮುಖಪುಟವಿಲ್ಲ ಅಷ್ಟೇ. ನೋಟ್‌ಬುಕ್‌ನಲ್ಲಿದ್ದ ಐಪಿ ವಿಳಾಸಕ್ಕೆ ಎಡಿಬಿ ಸಂಪರ್ಕ ತಕ್ಷಣ ಸಿಕ್ಕಿತು. ಪ್ಯಾಕೇಜನ್ನು ಮತ್ತೆ ಸಕ್ರಿಯಗೊಳಿಸುವ ಒಂದೇ ಸಾಲಿನ ಆಜ್ಞೆಗೆ ಪರದೆ ಮರಳಿತು.

ನಿಮಗೂ ಹೀಗಾದರೆ ಮೊದಲು ಎಡಿಬಿ ಸಂಪರ್ಕ ಪ್ರಯತ್ನಿಸಿ. ಸಿಕ್ಕರೆ, ಪ್ಯಾಕೇಜ್‌ಗಳ ಪಟ್ಟಿ ಕೇಳುವ ಆಜ್ಞೆಗೆ "-ಡಿ" ಎಂಬ ಗುರುತು ಸೇರಿಸಿ. ನಿಷ್ಕ್ರಿಯವಾಗಿರುವವು ಮಾತ್ರ ಕಾಣುತ್ತವೆ. ನಿಷ್ಕ್ರಿಯಗೊಳಿಸಿದ್ದನ್ನು "ಪಿಎಂ ಎನೇಬಲ್" ಆಜ್ಞೆಯಿಂದಲೂ, ತೆಗೆದುಹಾಕಿದ್ದನ್ನು "ಇನ್‌ಸ್ಟಾಲ್-ಎಕ್ಸಿಸ್ಟಿಂಗ್" ಆಜ್ಞೆಯಿಂದಲೂ ಮರಳಿ ತರಬಹುದು. ಹಲವನ್ನು ಒಟ್ಟಿಗೆ ತೆಗೆದಿದ್ದರೆ ಒಂದೊಂದನ್ನೇ ಮರಳಿಸಿ ರೀಸ್ಟಾರ್ಟ್ ಮಾಡುತ್ತಾ ಹೋಗಿ. ಅಪರಾಧಿ ಯಾವುದೆಂದು ಹೀಗೆ ತಿಳಿಯುತ್ತದೆ.

ಲಕ್ಷಣದಿಂದಲೇ ಪ್ಯಾಕೇಜನ್ನು ಊಹಿಸಬಹುದಾದ ಕೆಲವು ಪ್ರಸಂಗಗಳಿವೆ. ಧ್ವನಿ ಹುಡುಕಾಟದ ಗುಂಡಿ ಮಾತ್ರ ಸತ್ತಿದ್ದರೆ ಕಾಟ್ನಿಸ್ ಎಂಬ ಹೆಸರಿನ ಗೂಗಲ್ ಪ್ಯಾಕೇಜ್ ಹೋಗಿದೆ. ಫೋನ್‌ನಿಂದ ಟಿವಿಗೆ ವಿಡಿಯೊ ಕಳುಹಿಸಲು ಆಗದಿದ್ದರೆ ಮೀಡಿಯಾಶೆಲ್ ಹೋಗಿದೆ. ಹಲವು ಆ್ಯಪ್‌ಗಳು ಲಾಗಿನ್ ಪುಟಕ್ಕೆ ಬರುತ್ತಿದ್ದಂತೆ ಮುಚ್ಚಿಕೊಳ್ಳುತ್ತಿದ್ದರೆ ಆ್ಯಪ್‌ನೊಳಗೆ ವೆಬ್ ಪುಟ ತೋರಿಸುವ ವೆಬ್‌ವ್ಯೂ ಇಲ್ಲವಾಗಿದೆ. ಬ್ಲೂಟೂತ್ ರಿಮೋಟ್ ಪೂರ್ತಿ ಮೂಕವಾಗಿದ್ದರೆ ತಯಾರಕರ ರಿಮೋಟ್ ಸೇವೆಯನ್ನು ತೆಗೆದಿರಬಹುದು. ಆಗ ಟಿವಿಯ ಯುಎಸ್‌ಬಿ ಪೋರ್ಟ್‌ಗೆ ಸಾಧಾರಣ ಮೌಸ್ ಅಥವಾ ಕೀಬೋರ್ಡ್ ಸಿಕ್ಕಿಸಿದರೆ ಮೆನುಗಳಲ್ಲಿ ಓಡಾಡಬಹುದು.

ಎಡಿಬಿ ಸಿಗದೆ, ಮೌಸ್‌ಗೂ ಸ್ಪಂದನೆ ಇಲ್ಲದಿದ್ದರೆ ಫ್ಯಾಕ್ಟರಿ ರೀಸೆಟ್ ಉಳಿಯುತ್ತದೆ. ಪ್ಲಗ್ ತೆಗೆದು, ಟಿವಿಯ ಮೈಮೇಲಿರುವ ಪವರ್ ಗುಂಡಿಯನ್ನು ಒತ್ತಿಹಿಡಿದುಕೊಂಡೇ ಪ್ಲಗ್ ಹಾಕುವುದು ಹಲವು ಮಾದರಿಗಳಲ್ಲಿ ರಿಕವರಿಗೆ, ಅಂದರೆ ರೀಸೆಟ್ ಮಾಡಬಹುದಾದ ದುರಸ್ತಿ ಮೆನುವಿಗೆ, ಹೋಗುವ ದಾರಿ. ನಿಮ್ಮ ಮಾದರಿಯ ನಿಖರ ಕ್ರಮವನ್ನು ತಯಾರಕರ ಪುಟದಲ್ಲಿ ನೋಡಿಕೊಂಡೇ ಮಾಡಿ.

ವೈಫೈ ಇದೆ ಎನ್ನುತ್ತದೆ, ಇಂಟರ್‌ನೆಟ್ ಇಲ್ಲ ಎನ್ನುತ್ತದೆ

ಮೊದಲು ಟಿವಿಯ ದಿನಾಂಕ ನೋಡಿ. ಗಡಿಯಾರ ವರ್ಷಗಳಷ್ಟು ಹಿಂದಿದ್ದರೆ ಭದ್ರ ಸಂಪರ್ಕದ ಪ್ರಮಾಣಪತ್ರಗಳೆಲ್ಲ ಟಿವಿಗೆ ಅಮಾನ್ಯವಾಗಿ ಕಾಣುತ್ತವೆ, ಮತ್ತು ಪ್ರತಿ ಆ್ಯಪ್ ಕೂಡ ಜಾಲದ ದೋಷವೆಂದೇ ಹೇಳುತ್ತದೆ. ದಿನಾಂಕವನ್ನು ಕೈಯಿಂದ ಸರಿಪಡಿಸಿದ ತಕ್ಷಣ ಎಲ್ಲವೂ ಸರಿಹೋದರೆ, ಸಮಯ ತರುವ ಸೇವೆ ಎಲ್ಲೋ ತಡೆಯಲ್ಪಟ್ಟಿದೆ.

ಜಾಹೀರಾತು ತಡೆಯಲು ಪೈ-ಹೋಲ್‌ನಂತಹ ಡಿಎನ್‌ಎಸ್ ಶೋಧಕ (ಬೇಡದ ಜಾಲತಾಣಗಳ ವಿಳಾಸ ಸಿಗದಂತೆ ತಡೆಯುವ ತಂತ್ರಾಂಶ) ಹಾಕಿದ ಮೇಲೆ ಈ ಲಕ್ಷಣ ಆರಂಭವಾಗಿದ್ದರೆ ಕಾರಣ ಅಲ್ಲಿಯೇ ಇದೆ. ಇಂಟರ್‌ನೆಟ್ ಇದೆಯೇ ಎಂದು ತಿಳಿಯಲು ಆಂಡ್ರಾಯ್ಡ್ ಗೂಗಲ್‌ನ ಒಂದು ಸಣ್ಣ ವಿಳಾಸವನ್ನು ಕೇಳಿ, 204 ಎಂಬ ಖಾಲಿ ಉತ್ತರಕ್ಕಾಗಿ ಕಾಯುತ್ತದೆ. ಆ ವಿಳಾಸ ತಡೆಪಟ್ಟಿಗೆ ಸೇರಿದ್ದರೆ ಸಂಪರ್ಕ ಚೆನ್ನಾಗಿದ್ದರೂ ಟಿವಿ ಇಲ್ಲವೆನ್ನುತ್ತದೆ. ಶೋಧಕವನ್ನು 10 ನಿಮಿಷ ನಿಲ್ಲಿಸಿ ನೋಡಿ. ತೊಂದರೆ ಹೋದರೆ ದಾಖಲೆಯಲ್ಲಿ ತಡೆಯಲ್ಪಟ್ಟ ವಿಳಾಸಗಳನ್ನು ಒಂದೊಂದಾಗಿ ಬಿಡುಗಡೆ ಮಾಡಿ.

ವೀಕ್ಷಣೆಯ ಮೇಲೆ ಕಣ್ಣಿಡುವುದನ್ನು ನಿಲ್ಲಿಸುವುದಷ್ಟೇ ನಿಮ್ಮ ಉದ್ದೇಶವಾಗಿದ್ದರೆ ಇಷ್ಟು ದೂರ ಬರಬೇಕಾಗಿಯೇ ಇರಲಿಲ್ಲ ಎಂಬುದನ್ನೂ ಹೇಳಬೇಕು. ಪರದೆಯ ಮೇಲಿನ ದೃಶ್ಯವನ್ನು ಗುರುತಿಸಿ ವರದಿ ಮಾಡುವ ಎಸಿಆರ್ ತಂತ್ರಜ್ಞಾನದ ವಿಚಾರದಲ್ಲಿ, 2017ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮತ್ತು ನ್ಯೂಜೆರ್ಸಿ ರಾಜ್ಯ ಹೂಡಿದ ಪ್ರಕರಣದಲ್ಲಿ ವಿಜಿಯೊ ಕಂಪನಿ 22 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. 1 ಕೋಟಿ 10 ಲಕ್ಷ ಟಿವಿಗಳಿಂದ ಮಾಹಿತಿ ಸಂಗ್ರಹವಾಗಿತ್ತು ಎಂಬುದು ಆರೋಪ. ಇಂದು ಬಹುತೇಕ ಟಿವಿಗಳ ಖಾಸಗಿತನದ ಮೆನುವಿನಲ್ಲಿ ಇದನ್ನು ಆಫ್ ಮಾಡುವ ಸ್ವಿಚ್ ಇದೆ. ಮೊದಲು ಅದನ್ನು ಬಳಸಿ.

ಯಾರೂ ನೋಡದಿದ್ದರೂ ಟಿವಿ ಬಿಸಿಯಾಗಿದೆ, ನಿಧಾನವಾಗಿದೆ, ಜಾಲದಲ್ಲಿ ಓಡಾಟ ಹೆಚ್ಚಿದೆ

ಈ ಲಕ್ಷಣವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2018ರ ಫೆಬ್ರುವರಿಯಲ್ಲಿ ಎಡಿಬಿ ಮೈನರ್ ಎಂಬ ದುರುದ್ದೇಶದ ತಂತ್ರಾಂಶ, 5555ನೇ ಪೋರ್ಟ್ ತೆರೆದಿಟ್ಟುಕೊಂಡಿದ್ದ ಆಂಡ್ರಾಯ್ಡ್ ಸಾಧನಗಳನ್ನು ತಾನೇ ಹುಡುಕಿಕೊಂಡು ಹರಡಿತು. ಟಿವಿ ಬಾಕ್ಸ್‌ಗಳೂ ಅದಕ್ಕೆ ಸಿಕ್ಕಿದ್ದವು. ಅದು ಅವುಗಳ ಪ್ರೊಸೆಸರನ್ನು ಕ್ರಿಪ್ಟೊ ನಾಣ್ಯ ಗಣಿಗಾರಿಕೆಗೆ ಬಳಸಿಕೊಳ್ಳುತ್ತಿತ್ತು. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ, ಬ್ಯಾಡ್‌ಬಾಕ್ಸ್ 2.0 ಎಂಬ ಜಾಲದ ಬಗ್ಗೆ ಎಚ್ಚರಿಕೆ ಹೊರಡಿಸಿತು; ಅದು ಸ್ಟ್ರೀಮಿಂಗ್ ಬಾಕ್ಸ್‌ನಂತಹ ಮನೆಯ ಸಾಧನಗಳನ್ನು, ಕೆಲವು ವೇಳೆ ಮಾರಾಟಕ್ಕೆ ಮುನ್ನವೇ, ವಶಪಡಿಸಿಕೊಳ್ಳುವ ಜಾಲ.

ಕೆಲಸ ಮುಗಿದ ದಿನವೇ ಡೀಬಗಿಂಗ್ ಆಫ್ ಮಾಡಿ. ರೂಟರ್‌ನಲ್ಲಿ ಹೊರಗಿನಿಂದ ಟಿವಿಗೆ ಯಾವ ಪೋರ್ಟ್ ಕೂಡ ತೆರೆದಿರಬಾರದು. ಗುರುತಿಸಲಾಗದ ಪ್ಯಾಕೇಜ್ ಕಂಡರೆ ಟಿವಿಯನ್ನು ಜಾಲದಿಂದ ಬಿಡಿಸಿ, ಫ್ಯಾಕ್ಟರಿ ರೀಸೆಟ್ ಮಾಡಿ, ಆ ಟಿವಿಯಲ್ಲಿ ಬಳಸಿದ ಖಾತೆಗಳ ಪಾಸ್‌ವರ್ಡ್ ಬದಲಿಸಿ. ರೀಸೆಟ್ ಆದ ಮೇಲೂ ಅದೇ ಪ್ಯಾಕೇಜ್ ಮರಳಿದರೆ ಅದು ಸಿಸ್ಟಂ ವಿಭಾಗದಲ್ಲೇ ಇದೆ. ಅಂಥ ಸಾಧನವನ್ನು ಜಾಲಕ್ಕೆ ಸೇರಿಸಲೇಬಾರದು.

ಸ್ಟ್ರೀಮಿಂಗ್ ಚಿತ್ರ ಮಸುಕಾಗಿದೆ

ಬೂಟ್‌ಲೋಡರ್ ಅನ್‌ಲಾಕ್ ಮಾಡಿದ ಮೇಲೆ ಹೀಗಾಗಿದ್ದರೆ ವೈಡ್‌ವೈನ್ (ಸ್ಟ್ರೀಮಿಂಗ್ ವಿಡಿಯೊ ನಕಲಾಗದಂತೆ ಕಾಯುವ ಗೂಗಲ್‌ನ ಡಿಆರ್‌ಎಂ ವ್ಯವಸ್ಥೆ) ರಕ್ಷಣೆಯ ಮಟ್ಟ ಎಲ್1ರಿಂದ ಎಲ್3ಕ್ಕೆ ಇಳಿದಿದೆ. ಎಲ್3ನಲ್ಲಿ ದೊಡ್ಡ ಸೇವೆಗಳು ಸಾಮಾನ್ಯವಾಗಿ ಎಸ್‌ಡಿ (ಕಡಿಮೆ ಸ್ಪಷ್ಟತೆಯ) ಗುಣಮಟ್ಟವನ್ನಷ್ಟೇ ಕೊಡುತ್ತವೆ. ಡಿಆರ್‌ಎಂ ಮಾಹಿತಿ ತೋರಿಸುವ ಆ್ಯಪ್‌ನಲ್ಲಿ ಇದನ್ನು ಖಚಿತಪಡಿಸಿಕೊಳ್ಳಬಹುದು. ವೈಡ್‌ವೈನ್ ಕೀಲಿಗಳು ಅಳಿಸಿಹೋಗಿದ್ದರೆ ಮತ್ತೆ ಲಾಕ್ ಮಾಡಿದರೂ ಎಲ್1 ಮರಳದಿರಬಹುದು, ಆದ್ದರಿಂದ ಮನೆಯವರೆಲ್ಲ ನೋಡುವ ಮುಖ್ಯ ಟಿವಿಯಲ್ಲಿ ಈ ಪ್ರಯೋಗ ಬೇಡ. ಅದಕ್ಕೆಂದೇ ಹಳೆಯ ಟಿವಿಯೊಂದನ್ನು ಇಟ್ಟುಕೊಳ್ಳಿ.

ಲೋಗೋದಲ್ಲೇ ನಿಂತಿದೆ, ಅಥವಾ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಿದೆ

ಮೊದಲು ಎಲ್ಲ ಯುಎಸ್‌ಬಿ ಮತ್ತು ಎಚ್‌ಡಿಎಂಐ ಕೇಬಲ್‌ಗಳನ್ನು ಕಳಚಿ, ಪ್ಲಗ್ ತೆಗೆದು ಹಾಕಿ, 20 ನಿಮಿಷ ಸುಮ್ಮನೆ ಬಿಡಿ. ಅಪ್‌ಡೇಟ್ ಆದ ನಂತರದ ಮೊದಲ ಬೂಟ್ ದೀರ್ಘವಾಗಿರುತ್ತದೆ; ಮಧ್ಯೆ ಪ್ಲಗ್ ಕಿತ್ತವರು ಇಲ್ಲದ ದೋಷವನ್ನು ತಂದುಕೊಳ್ಳುತ್ತಾರೆ. ಯುಎಸ್‌ಬಿ 2 ಪೋರ್ಟ್ ಕೊಡುವುದು 500 ಮಿಲಿಆಂಪಿಯರ್ ಮಾತ್ರ, ಅದಕ್ಕಿಂತ ಹೆಚ್ಚು ಎಳೆಯುವ ಹಾರ್ಡ್ ಡಿಸ್ಕ್ ಟಿವಿಯನ್ನೇ ಅಲುಗಾಡಿಸಬಲ್ಲದು.

ನೀವು ಸಿಸ್ಟಂ ವಿಭಾಗದಲ್ಲಿ ಏನನ್ನಾದರೂ ತಿದ್ದಿದ್ದರೆ ಕಾರಣ ಸ್ಪಷ್ಟ. ಪ್ರತಿ ಬೂಟ್‌ನಲ್ಲೂ ಆ ವಿಭಾಗ ಮೂಲದಂತೆಯೇ ಇದೆಯೇ ಎಂದು ಟಿವಿ ಪರೀಕ್ಷಿಸುತ್ತದೆ. ಒಂದೇ ಫೈಲ್ ಬದಲಾಗಿದ್ದರೂ ಅದು ಮುಂದುವರಿಯಲು ಒಪ್ಪುವುದಿಲ್ಲ. ಇಲ್ಲಿ ರೀಸೆಟ್‌ನಿಂದ ಉಪಯೋಗವಿಲ್ಲ, ಮೂಲ ಫರ್ಮ್‌ವೇರನ್ನು ಮತ್ತೆ ಬರೆಯಬೇಕು. ಕಡಿಮೆ ಸಾಮರ್ಥ್ಯದ ಪೆನ್‌ಡ್ರೈವ್ ಅನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ತಯಾರಕರ ಫೈಲನ್ನು ಹೆಸರು ಬದಲಿಸದೆ, ಯಾವ ಫೋಲ್ಡರ್‌ಗೂ ಹಾಕದೆ ನಕಲಿಸಿ. ಫೈಲ್‌ನ ಗಾತ್ರವನ್ನು ಮೂಲದ ಜೊತೆ ಹೋಲಿಸಿ. ನಂತರ ನಿಮ್ಮ ಮಾದರಿಯ ಕ್ರಮದಂತೆ ಆನ್ ಮಾಡಿ. ಬರೆಯುವಾಗ ವಿದ್ಯುತ್ ಹೋಗದಂತೆ ಯುಪಿಎಸ್ ಇದ್ದರೆ ಒಳ್ಳೆಯದು.

ಮಾದರಿ ಸಂಖ್ಯೆಯ ಕೊನೆಯ ಒಂದು ಅಕ್ಷರ ಬೇರೆಯಾದರೂ ಆ ಫರ್ಮ್‌ವೇರ್ ಹಾಕಬೇಡಿ. ಒಂದೇ ಹೆಸರಿನಲ್ಲಿ ಮಾರಾಟವಾಗುವ ಟಿವಿಗಳಲ್ಲಿ ಪರದೆಯ ಪ್ಯಾನೆಲ್ ಬೇರೆ ಬೇರೆ ಇರುತ್ತದೆ, ಮತ್ತು ತಪ್ಪು ಪ್ಯಾನೆಲ್‌ನ ಫರ್ಮ್‌ವೇರ್ ಹೋದರೆ ಚಿತ್ರ ತಲೆಕೆಳಗಾಗಿ, ಕನ್ನಡಿಯಲ್ಲಿ ಕಂಡಂತೆ, ಅಥವಾ ಛಾಯಾಚಿತ್ರದ ನೆಗೆಟಿವ್‌ನಂತಹ ಬಣ್ಣಗಳಲ್ಲಿ ಬರುತ್ತದೆ. ಈ ಲಕ್ಷಣ ಕಂಡರೆ ಪ್ಯಾನೆಲ್ ಕೆಟ್ಟಿಲ್ಲ. ಸರಿಯಾದ ಫರ್ಮ್‌ವೇರ್ ಅಥವಾ ತಂತ್ರಜ್ಞರಿಗೆಂದು ಮುಚ್ಚಿಟ್ಟ ಸರ್ವಿಸ್ ಮೆನುವಿನ ಪ್ಯಾನೆಲ್ ಆಯ್ಕೆಯಿಂದ ಅದು ಸರಿಹೋಗಬಹುದು. ಸರ್ವಿಸ್ ಮೆನುವಿನ ಯಾವ ಮೌಲ್ಯವನ್ನೂ ಮೊದಲು ಫೋಟೊ ತೆಗೆಯದೆ ಮುಟ್ಟಬೇಡಿ.

ಧ್ವನಿ ಬರುತ್ತಿದೆ, ಚಿತ್ರ ಮಾತ್ರ ಇಲ್ಲ

ಕೋಣೆಯನ್ನು ಕತ್ತಲು ಮಾಡಿ, ಪ್ರಖರವಾದ ಟಾರ್ಚನ್ನು ಪರದೆಗೆ ತೀರ ಹತ್ತಿರ, ಓರೆಯಾಗಿ ಹಿಡಿದು ನೋಡಿ. ಮೆನುವಿನ ಅಕ್ಷರಗಳು ನೆರಳಿನಂತೆ ಚಲಿಸುವುದು ಕಂಡರೆ ಪ್ಯಾನೆಲ್ ಮತ್ತು ತಂತ್ರಾಂಶ ಸರಿಯಿವೆ, ಹಿಂಬೆಳಕು ಹೋಗಿದೆ. ಅದು ನಿಮ್ಮ ಮಾರ್ಪಾಡಿನಿಂದ ಆದದ್ದಲ್ಲದಿರಬಹುದು. ಎಲ್ಇಡಿ ಪಟ್ಟಿಗಳು ಕಾಲಾಂತರದಲ್ಲಿ ತಾವೇ ಸುಡುತ್ತವೆ. ಇಲ್ಲಿ ನಿಲ್ಲಿಸಿ, ತಂತ್ರಜ್ಞರಿಗೆ ಕೊಡಿ. ದೊಡ್ಡ ಪ್ಯಾನೆಲ್ ಎತ್ತುವಾಗ ಬಿರುಕು ಬಿಟ್ಟರೆ ಅದರ ಬೆಲೆ ಟಿವಿಯ ಬೆಲೆಗೇ ಹತ್ತಿರ. ಈ ಪರೀಕ್ಷೆ ಎಲ್ಇಡಿ ಹಿಂಬೆಳಕಿನ ಎಲ್‌ಸಿಡಿ ಟಿವಿಗಳಿಗೆ ಮಾತ್ರ, ಓಲೆಡ್ ಪರದೆಗೆ ಹಿಂಬೆಳಕೇ ಇಲ್ಲ.

ಯಾವುದಕ್ಕೂ ಸ್ಪಂದನೆ ಇಲ್ಲ: ಸೀರಿಯಲ್ ಪೋರ್ಟ್‌ನಲ್ಲಿ ಇಣುಕುವುದು

ಟಿವಿ ಆನ್ ಆಗುವಾಗಿನ ಒಳಗಿನ ಸಂದೇಶಗಳನ್ನು ಕಂಪ್ಯೂಟರ್‌ಗೆ ಸಾಲುಸಾಲಾಗಿ ಕಳುಹಿಸುವ ಸಂಪರ್ಕವೇ ಸೀರಿಯಲ್ ಪೋರ್ಟ್. ಅದಕ್ಕೆಂದು ಕೆಲವು ಟಿವಿಗಳಲ್ಲಿ ಹೊರಗಡೆಯೇ 3.5 ಮಿಲಿಮೀಟರ್‌ನ ಸರ್ವಿಸ್ ರಂಧ್ರ ಇರುತ್ತದೆ, ಮುಚ್ಚಳ ತೆರೆಯಬೇಕಿಲ್ಲ. ಅದು ಕೆಲಸಕ್ಕೆ ಬರುತ್ತದೆಯೇ ಎಂದು ಮೊದಲು ನೋಡಿ. ಆ ರಂಧ್ರ ಕೆಲವೆಡೆ ಹೆಚ್ಚು ವೋಲ್ಟೇಜ್‌ನ ಆರ್‌ಎಸ್232 ಮಟ್ಟದ್ದಾಗಿರುತ್ತದೆ, ಅದಕ್ಕೆ ಮದರ್‌ಬೋರ್ಡ್‌ನ ಪಿನ್‌ಗಳಿಗೆಂದು ಮಾಡಿದ ಯುಎಸ್‌ಬಿ ಸೀರಿಯಲ್ ಅಡಾಪ್ಟರ್ ಸಿಕ್ಕಿಸಿದರೆ ಅಡಾಪ್ಟರ್ ಸುಡಬಹುದು.

ಮುಚ್ಚಳ ತೆರೆಯುವುದು ವಿದ್ಯುತ್ ಕೆಲಸ ಬಲ್ಲವರಿಗೆ ಮಾತ್ರ. 230 ವೋಲ್ಟ್‌ನ ವಿದ್ಯುತ್ ನೇರ ಪ್ರವಾಹವಾಗಿ ಬದಲಾದಾಗ ಸುಮಾರು 325 ವೋಲ್ಟ್ ಆಗುತ್ತದೆ, ಪವರ್ ಫ್ಯಾಕ್ಟರ್ ತಿದ್ದುವ ಸರ್ಕೀಟ್ ಇದ್ದರೆ 380ರಿಂದ 400 ವೋಲ್ಟ್. ಪ್ಲಗ್ ತೆಗೆದ ಮೇಲೂ ದೊಡ್ಡ ಕೆಪಾಸಿಟರ್ ಅದನ್ನು ಹಿಡಿದಿಟ್ಟುಕೊಂಡಿರಬಹುದು, ಮತ್ತು ಆ ಆಘಾತ ಜೀವ ತೆಗೆಯಬಲ್ಲದು. ಪವರ್ ಬೋರ್ಡ್‌ನ ಹತ್ತಿರ ಕೈ ಒಯ್ಯಬೇಡಿ. ಒಬ್ಬರೇ ಇರುವಾಗ ಈ ಕೆಲಸ ಬೇಡ. ಲ್ಯಾಪ್‌ಟಾಪನ್ನು ಚಾರ್ಜರ್‌ನಿಂದ ಬಿಡಿಸಿ ಬ್ಯಾಟರಿಯಲ್ಲೇ ಓಡಿಸಿ.

ಮುಖ್ಯ ಬೋರ್ಡ್‌ನಲ್ಲಿ ಸಾಲಾಗಿರುವ 3 ಅಥವಾ 4 ಪಿನ್‌ಗಳು ಸಾಮಾನ್ಯವಾಗಿ ಸೀರಿಯಲ್ ಪೋರ್ಟ್. ಎಚ್‌ಡಿಎಂಐ ಸಾಕೆಟ್‌ನ ಲೋಹದ ಮೈಗೆ ನೇರ ಸಂಪರ್ಕವಿರುವುದು ಗ್ರೌಂಡ್. ಆನ್ ಮಾಡಿದಾಗ ಮಲ್ಟಿಮೀಟರ್‌ನಲ್ಲಿ 3.3 ವೋಲ್ಟ್‌ನ ಆಸುಪಾಸಿನಲ್ಲಿ ಏರಿಳಿಯುವುದು ಟಿವಿ ಮಾತನಾಡುವ ಪಿನ್. ಸ್ಥಿರವಾಗಿ ನಿಲ್ಲುವ ವಿದ್ಯುತ್ ಪಿನ್‌ಗೆ ಏನನ್ನೂ ಜೋಡಿಸಬೇಡಿ. ಅಡಾಪ್ಟರ್‌ನ ಜಂಪರ್ 5 ವೋಲ್ಟ್‌ನಲ್ಲಿದ್ದರೆ ಟಿವಿಯ ಚಿಪ್ ಸುಡಬಹುದು, 3.3ಕ್ಕೆ ಬದಲಿಸಿ, 1.8 ವೋಲ್ಟ್‌ನಲ್ಲಿ ಕೆಲಸ ಮಾಡುವ ಬೋರ್ಡ್‌ಗಳೂ ಇವೆ ಎಂಬುದರಿಂದ ಅಳೆಯದೆ ಜೋಡಿಸಬೇಡಿ. ಮೊದಲು ಗ್ರೌಂಡ್ ಮತ್ತು ಟಿವಿ ಮಾತನಾಡುವ ಪಿನ್ ಇವೆರಡನ್ನೇ ಜೋಡಿಸಿ, ಓದುವುದಷ್ಟೇ ಮಾಡಿ.

ಕಂಪ್ಯೂಟರ್‌ನ ಸೀರಿಯಲ್ ತಂತ್ರಾಂಶದಲ್ಲಿ ವೇಗವನ್ನು 115200ಕ್ಕೆ ಇಟ್ಟು ಟಿವಿ ಆನ್ ಮಾಡಿ. ಅರ್ಥವಿಲ್ಲದ ಚಿಹ್ನೆಗಳು ಬಂದರೆ ವೇಗ ತಪ್ಪಿದೆ, ಬೇರೆಯದನ್ನು ಪ್ರಯತ್ನಿಸಿ. ಏನೂ ಬರದಿದ್ದರೆ ಪಿನ್ ತಪ್ಪಿರಬಹುದು ಅಥವಾ ತಯಾರಕರು ಪೋರ್ಟ್ ಮುಚ್ಚಿರಬಹುದು. ಸಾಲುಗಳು ಬಂದು ಒಂದೆಡೆ ನಿಂತರೆ ಆ ಕೊನೆಯ ಸಾಲುಗಳಲ್ಲೇ ಕಾರಣವಿರುತ್ತದೆ. ರೂಟ್ ಫೈಲ್ ಸಿಸ್ಟಂ ಮೌಂಟ್ ಆಗಲಿಲ್ಲ ಎಂದು ಕರ್ನಲ್ ಪ್ಯಾನಿಕ್ (ಲಿನಕ್ಸ್‌ನ ತಿರುಳೇ ಕುಸಿದು ನಿಂತ ಸಂದೇಶ) ಬಂದರೆ ತಂತ್ರಾಂಶದ ತಪ್ಪಿರಬಹುದು, ಫರ್ಮ್‌ವೇರ್ ಮತ್ತೆ ಬರೆದು ನೋಡಲು ಅವಕಾಶವಿದೆ. ಎಂಎಂಸಿ ಎಂಬ ಹೆಸರಿನೊಂದಿಗೆ ಓದುವ ಬರೆಯುವ ದೋಷಗಳು ಸಾಲುಗಟ್ಟಿ ಬರುತ್ತಿದ್ದರೆ ಟಿವಿಯ ತಂತ್ರಾಂಶವನ್ನು ಇಟ್ಟುಕೊಳ್ಳುವ ಇಎಂಎಂಸಿ ಸಂಗ್ರಹ ಚಿಪ್ ಸವೆದಿರಬಹುದು. ಅದನ್ನು ಬಿಸಿಗಾಳಿಯಿಂದ ಬಿಡಿಸಿ, ಹೊಸದಕ್ಕೆ ದತ್ತಾಂಶ ಬರೆದು, ಮತ್ತೆ ಬೆಸುಗೆ ಹಾಕಬೇಕು. ಮನೆಯಲ್ಲಿ ಆಗುವ ಕೆಲಸವಲ್ಲ.

ತಂತ್ರಜ್ಞರ ಬಳಿ ಹೋಗುವಾಗ ಪೂರ್ಣ ಮಾದರಿ ಸಂಖ್ಯೆ, ಕೊನೆಯದಾಗಿ ಕೆಲಸ ಮಾಡಿದ ಫರ್ಮ್‌ವೇರ್ ಆವೃತ್ತಿ, ನೀವು ಮಾಡಿದ ಬದಲಾವಣೆಗಳ ಪಟ್ಟಿ ಮತ್ತು ಸೀರಿಯಲ್ ಪೋರ್ಟ್‌ನಲ್ಲಿ ಬಂದ ಸಾಲುಗಳ ಫೈಲ್ ಜೊತೆಗಿರಲಿ. ಏನು ಮಾಡಿದೆವು ಎಂಬುದನ್ನು ಮುಚ್ಚಿಟ್ಟರೆ ಅವರು ಪವರ್ ಬೋರ್ಡ್‌ನಿಂದ ಹುಡುಕಲು ಆರಂಭಿಸುತ್ತಾರೆ, ಆ ಸಮಯಕ್ಕೆ ಹಣ ಕೊಡುವವರು ನೀವೇ. ವಾರಂಟಿ ಇನ್ನೂ ಉಳಿದಿದ್ದರೆ ಮುಚ್ಚಳದ ಸ್ಕ್ರೂಗಳನ್ನು ಮುಟ್ಟುವ ಮೊದಲೇ ಅಧಿಕೃತ ಸೇವಾ ಕೇಂದ್ರವನ್ನು ಸಂಪರ್ಕಿಸಿ, ಏಕೆಂದರೆ ಒಮ್ಮೆ ಸೀಲ್ ಹರಿದ ಟಿವಿಯ ವಾರಂಟಿಯನ್ನು ಅವರು ನಿರಾಕರಿಸುವ ಸಾಧ್ಯತೆ ಹೆಚ್ಚು.